ಒಂದು ಲ್ಯಾಪ್‌ಟಾಪ್, ಎರಡು ವಿಳಾಸ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೇ ಮನೆಗಳ ಮಣ್ಣಿನ ಗೋಡೆ ಗೇಣುಗಟ್ಟಲೆ ದಪ್ಪ. ಜಗಲಿಯಲ್ಲಿಟ್ಟ ರೂಟರ್‌ನ ವೈಫೈ ಉಪ್ಪರಿಗೆ ಹತ್ತುವಷ್ಟರಲ್ಲಿ ಸೋತುಹೋಗಿರುತ್ತದೆ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಮಕ್ಕಳು ಅದಕ್ಕೇ ಮೇಲಕ್ಕೊಂದು ಲ್ಯಾನ್ ಕೇಬಲ್ ಎಳೆಸಿಕೊಂಡಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾಯಿತೋ, ಸಿಡಿಲಿನ ಭಯಕ್ಕೆ ಕೇಬಲ್ ಕಿತ್ತಿಟ್ಟು ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬರುತ್ತಾರೆ. ಅದು ವೈಫೈ ಹಿಡಿಯುತ್ತದೆ. ತೊಡಕು ಶುರುವಾಗುವುದು ಆಗಲೇ. ಬೆಳಿಗ್ಗೆ 192.168.1.21 ಎಂಬ ಐಪಿ ವಿಳಾಸದಲ್ಲಿ, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಆ ಲ್ಯಾಪ್‌ಟಾಪಿಗಿದ್ದ ನಂಬರಿನಲ್ಲಿ, ಸಿಗುತ್ತಿದ್ದ ಅದರೊಳಗಿನ ಅಡಿಕೆ ಲೆಕ್ಕದ ಫೋಲ್ಡರ್ ಸಂಜೆ ಅಪ್ಪನ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.

ಲ್ಯಾಪ್‌ಟಾಪಿನೊಳಗೆ ಕೇಬಲ್ಲಿಗೊಂದು, ವೈಫೈಗೊಂದು ಅಂತ ಎರಡು ಕಾರ್ಡ್ ಇರುತ್ತವೆ. ಒಂದೊಂದಕ್ಕೂ ಹನ್ನೆರಡು ಅಂಕಿ-ಅಕ್ಷರಗಳ ಬೇರೆ ಮ್ಯಾಕ್ ನಂಬರ್, ಅಂದರೆ ಕಾರ್ಡಿನ ಗುರುತಿನ ನಂಬರ್. ರೂಟರ್ ಐಪಿ ವಿಳಾಸ ಹಂಚುವುದು ಆ ನಂಬರ್ ನೋಡಿ. ಹಾಗಾಗಿ ಅದರ ಲೆಕ್ಕಕ್ಕೆ ಇವು ಎರಡು ಗಿರಾಕಿಗಳು.

ಕೇಬಲ್ಲಿಗೆ ತುಂಗಾ, ವೈಫೈಗೆ ಭದ್ರಾ, ಎರಡೂ ಸೇರುವ ಕೂಡಲಿ ಲ್ಯಾಪ್‌ಟಾಪ್ ಅಂತ ಹೆಸರಿಡುವ ಜಾಣರಿದ್ದಾರೆ. ಕೇಳಲು ಚಂದ. ಆರು ತಿಂಗಳು ಕಳೆದರೆ ಯಾವುದು ಯಾವುದೆಂದು ಇಟ್ಟವರಿಗೇ ನೆನಪಿರುವುದಿಲ್ಲ. ನನ್ನ ಪ್ರಕಾರ ಯಂತ್ರಕ್ಕೆ ಒಂದೇ ಹೆಸರು ಸಾಕು, ಶರಾವತಿ ಅಂತಿಟ್ಟುಕೊಳ್ಳಿ. ಯಾವ ಮ್ಯಾಕ್ ನಂಬರಿಗೆ ಯಾವ ವಿಳಾಸ ಅಂತ ಬರೆದಿಡುವ ರೂಟರ್‌ನ ಡಿಎಚ್‌ಸಿಪಿ ರಿಸರ್ವೇಶನ್ ಪುಟದಲ್ಲಿ ಮಾತ್ರ ‘ಶರಾವತಿ-ಲ್ಯಾನ್’ಗೆ ಕೊನೆಯ ಸಂಖ್ಯೆ 21, ‘ಶರಾವತಿ-ವೈಫೈ’ಗೆ 22 ಅಂತ ಅಕ್ಕಪಕ್ಕದ ವಿಳಾಸ ಕಾಯಂ ಮಾಡಿ. ಎರಡಕ್ಕೂ 21ನ್ನೇ ಕೊಡುವ ಆಸೆ ಬೇಡ. ಎರಡೂ ಒಟ್ಟಿಗೆ ಆನ್ ಆದ ದಿನ ಜಗಳ ಗ್ಯಾರಂಟಿ. ಮನೆಯವರು ಫೋಲ್ಡರ್ ತೆರೆಯುವಾಗ ನಂಬರ್ ಬಿಟ್ಟು ‘ಶರಾವತಿ ಡಾಟ್ ಲೋಕಲ್’ ಎಂದು ಹೊಡೆಯಲಿ. ಆಗ ಯಾವ ದಾರಿ ಚಾಲ್ತಿಯಲ್ಲಿದೆಯೋ ಅದರಲ್ಲೇ ಸಿಗುತ್ತದೆ.

ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ನಡುವೆ ಜಾಗ ಬಿಡಬೇಡಿ, ಹದಿನೈದು ಅಕ್ಷರ ದಾಟಿಸಬೇಡಿ. ‘ಉಪ್ಪರಿಗೆ’ ಅಂತಲೂ ಬೇಡ, ಲ್ಯಾಪ್‌ಟಾಪ್ ನಿಂತಲ್ಲಿ ನಿಲ್ಲುವುದಿಲ್ಲ. ವಿಂಡೋಸ್‌ನಲ್ಲಿ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಇದ್ದರೆ ಮನೆಯ ವೈಫೈ ಮಟ್ಟಿಗೆ ಆಫ್ ಮಾಡಿ. ಇಲ್ಲದಿದ್ದರೆ ಮ್ಯಾಕ್ ನಂಬರ್ ವೇಷ ಬದಲಿಸಿ, ಮಾಡಿದ ರಿಸರ್ವೇಶನ್ ದಂಡ.

ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕಿಂಡಿಯೇ ಇರುವುದಿಲ್ಲ, ಯುಎಸ್‌ಬಿ ಡಾಂಗಲ್ ಸಿಕ್ಕಿಸಬೇಕು. ಆಗ ಮ್ಯಾಕ್ ನಂಬರ್ ಇರುವುದು ಸಾಮಾನ್ಯವಾಗಿ ಡಾಂಗಲ್‌ನಲ್ಲಿ. ತಂಗಿ ಅದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅಣ್ಣನ ವಿಳಾಸ ಅವಳ ಪಾಲಾಗುತ್ತದೆ. ಡಾಂಗಲ್ ಮೇಲೂ ಒಂದು ಚೀಟಿ ಅಂಟಿಸಿಡಿ. ನಮಸ್ಕಾರ.