ಕಡವಿನ ಒಡತಿ: ನಡುಮಟ್ಟದ ವಿಲನ್ ಕಟ್ಟುವ ಬಗೆ

ನಮಸ್ಕಾರ ಕೇಳುಗರೇ.

ನಾಲ್ಕು ಜನ ಒಂದು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬೊಬ್ಬರ ಮುಂದೆ ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಹಿಡಿ ಡೈಸ್. ಒಬ್ಬಳು ಕತ್ತಿ ಹಿಡಿದ ಫೈಟರ್. ಒಬ್ಬ ಮಂತ್ರ ಬಲ್ಲ ವಿಝರ್ಡ್. ಒಬ್ಬ ಕಳ್ಳ. ಇನ್ನೊಬ್ಬಳು ಗಾಯ ವಾಸಿ ಮಾಡುವ ಕ್ಲೆರಿಕ್. ಐದನೆಯವರು ಕತೆ ನಡೆಸುವವರು, ಅಂದರೆ ಡಂಜನ್ ಮಾಸ್ಟರ್. ಈ ನಾಲ್ವರಿಗೆ ದಾರಿಯಲ್ಲಿ ಯಾರೇ ಎದುರಾಗಲಿ, ಹಳ್ಳಿಯ ಮುದುಕಿಯಾಗಲಿ, ಬೆಂಕಿ ಉಗುಳುವ ಡ್ರ್ಯಾಗನ್ ಆಗಲಿ, ಅವರ ಪರವಾಗಿ ಮಾತಾಡುವುದು ಆ ಐದನೆಯವರೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನುವ ಈ ಆಟ 1974ರಲ್ಲಿ ಅಚ್ಚಾಗಿ ಬಂತು. ಈ ಬಗೆಯ ಆಟಗಳು ಅಲ್ಲಿಂದ ಹರಡಿಕೊಂಡವು.

ನಾನು ಹಲವು ವರ್ಷಗಳಿಂದ ಆ ಐದನೆಯ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಇವತ್ತು ಹೇಳಹೊರಟಿರುವುದು ವಿಲನ್ ಬಗ್ಗೆ. ಕತೆಯ ತುದಿಯಲ್ಲಿ ಸಿಂಹಾಸನದ ಮೇಲೆ ಕಾಯುವ ದೊಡ್ಡ ವಿಲನ್ ಬಗ್ಗೆ ಅಲ್ಲ. ಅವನ ಕೈಕೆಳಗೆ, ಆದರೆ ಸಾಮಾನ್ಯ ಪುಂಡರಿಗಿಂತ ಮೇಲೆ, ನಡುವೆ ನಿಂತಿರುವವರ ಬಗ್ಗೆ.

ನಡುಮಟ್ಟ ಅಂದರೆ ಏನು? ಈ ಆಟದಲ್ಲಿ ಪಾತ್ರಗಳು 1ನೇ ಲೆವೆಲ್‌ನಿಂದ 20ನೇ ಲೆವೆಲ್‌ವರೆಗೆ ಬೆಳೆಯುತ್ತವೆ. 2014ರ ಐದನೇ ಆವೃತ್ತಿಯ ನಿಯಮಗಳಲ್ಲಿ 5ನೇ ಲೆವೆಲ್‌ಗೆ ಬಂದಾಗ ಒಂದು ದೊಡ್ಡ ಜಿಗಿತ ಇದೆ. ಫೈಟರ್ ಒಂದೇ ಸಲಕ್ಕೆ ಎರಡು ಏಟು ಹಾಕಬಲ್ಲಳು. ವಿಝರ್ಡ್ ಕೈಗೆ ಫೈರ್‌ಬಾಲ್ ಸಿಗುತ್ತದೆ. 20 ಅಡಿ ಸುತ್ತಳತೆಯಲ್ಲ, 20 ಅಡಿ ತ್ರಿಜ್ಯದ ಬೆಂಕಿಯುಂಡೆ ಅದು. ಆರು ಮುಖದ ಎಂಟು ಡೈಸ್ ಉರುಳುತ್ತವೆ, ಸರಾಸರಿ 28 ಅಂಕದಷ್ಟು ಹಾನಿ. ನಿನ್ನೆವರೆಗೆ ಹೆದರಿಸುತ್ತಿದ್ದ ಗಾಬ್ಲಿನ್ ಗುಂಪು ಒಂದೇ ಕ್ಷಣದಲ್ಲಿ ಬೂದಿ. ಹಾಗಂತ ದೊಡ್ಡ ಡ್ರ್ಯಾಗನ್ ತಂದು ನಿಲ್ಲಿಸಿದರೆ ನಾಲ್ವರೂ ಸತ್ತೇಹೋಗುತ್ತಾರೆ. ಇಲ್ಲಿಂದ ಸುಮಾರು 10ನೇ ಲೆವೆಲ್‌ವರೆಗೆ ತೂಕದ ಎದುರಾಳಿ ಬೇಕು. ಆ ತೂಕ ಹುಡುಕುವುದೇ ಕಷ್ಟ.

ನನ್ನ ಮೊದಲ ಪ್ರಯತ್ನ ಹೇಳುತ್ತೇನೆ. ಆ 2014ರ ಆವೃತ್ತಿಯ ಪುಸ್ತಕದಲ್ಲಿ ಮೇಜ್ ಅಂತ ಮೊದಲೇ ರೂಪಿಸಿಟ್ಟ ಒಬ್ಬ ಮಂತ್ರವಾದಿ ಇದ್ದಾನೆ. ಅವನ ಮಂತ್ರಗಳ ಪಟ್ಟಿ ನೋಡಿದರೆ ಯಾರಿಗಾದರೂ ಭಯ ಆಗಬೇಕು. ಅವನಿಗೆ ಒಂದು ಗೋಪುರ ಕೊಟ್ಟೆ, ಹಳೆಯ ಸೇಡು ಕೊಟ್ಟೆ, ಎರಡು ಪುಟದ ಮಾತು ಬರೆದೆ. ಆದರೆ ಅವನ ಹಿಟ್ ಪಾಯಿಂಟ್, ಅಂದರೆ ಬೀಳುವ ಮುಂಚೆ ಎಷ್ಟು ಹಾನಿ ತಾಳಬಲ್ಲ ಅನ್ನುವ ಅಂಕ, 40. ಕಾಳಗ ಶುರುವಾಯಿತು. ಫೈಟರ್ ಮೊದಲು ಬಂದಳು. ಆಕ್ಷನ್ ಸರ್ಜ್ ಬಳಸಿದಳು, ಎರಡು ಏಟು ನಾಲ್ಕಾಯಿತು. ಒಂದೊಂದು ಏಟಿಗೆ ಸರಾಸರಿ 11 ಹಾನಿ. ನಾಲ್ಕೂ ತಗುಲಿದವು. 44. ಅವನು ಬಾಯಿ ತೆರೆಯುವ ಮುಂಚೆ ಮುಗಿದುಹೋದ.

ಮುಂದಿನ ಸಲ ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದೆ. ಹಿಟ್ ಪಾಯಿಂಟ್ 120ಕ್ಕೆ ಏರಿಸಿದೆ. ಅದು ಇನ್ನೂ ಕೆಟ್ಟದಾಯಿತು. ಅವನು ಸುಮ್ನೆ ನಿಂತು ಏಟು ತಿಂದ. ಆಟಗಾರರು ಡೈಸ್ ಉರುಳಿಸಿದರು, ಕಳೆದರು, ಮತ್ತೆ ಉರುಳಿಸಿದರು. ಸಮಯ ಜಾಸ್ತಿ ಆಯಿತು, ಭಯ ಜಾಸ್ತಿ ಆಗಲಿಲ್ಲ.

ಕಾರಣ ಸರಳ. ನಾಲ್ವರು ಒಂದು ಕಡೆ, ಒಬ್ಬ ಒಂದು ಕಡೆ. ಒಂದು ರೌಂಡ್‌ನಲ್ಲಿ ಅವರಿಗೆ ನಾಲ್ಕು ಸರದಿ, ಅವನಿಗೆ ಒಂದು. ಮೂರು ರೌಂಡ್ ಆಗುವಷ್ಟರಲ್ಲಿ ಅವರು ಹನ್ನೆರಡು ಸಲ ಕೈ ಎತ್ತಿರುತ್ತಾರೆ, ಅವನು ಮೂರು ಸಲ. ಇದನ್ನು ಆಟಗಾರರು ಆಕ್ಷನ್ ಎಕಾನಮಿ ಅನ್ನುತ್ತಾರೆ. ಒಬ್ಬಂಟಿ ವಿಲನ್ ಸೋಲುವುದು ಶಕ್ತಿ ಸಾಲದೆ ಅಲ್ಲ, ಸರದಿ ಸಾಲದೆ.

ಹಾಗಾದರೆ ಅವನಿಗೆ ಜಾಸ್ತಿ ಸರದಿ ಕೊಟ್ಟರೆ ಸಾಕಾ? ಸ್ವಲ್ಪ ಸಹಾಯ ಆಗುತ್ತದೆ, ಅದಕ್ಕೆ ಬರುತ್ತೇನೆ. ಆದರೆ ನನ್ನ ಕಣ್ಣು ತೆರೆಸಿದ್ದು ಬೇರೆ ಪ್ರಶ್ನೆ. ಈ ವಿಲನ್‌ಗೆ ಗೆಲುವು ಅಂದರೆ ಏನು? ನಾನು ಕಟ್ಟಿದ ಮಂತ್ರವಾದಿಗೆ ನಾಯಕರನ್ನು ಕೊಲ್ಲುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ನಾಲ್ವರನ್ನು ಒಬ್ಬನೇ ಕೊಲ್ಲುವುದು ಆಗುವ ಮಾತಲ್ಲ. ಆಟ ಶುರುವಾಗುವ ಮುಂಚೆಯೇ ಅವನು ಸೋತಿದ್ದ.

1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ಬರೆದ ರೇವನ್‌ಲಾಫ್ಟ್ ಅನ್ನುವ ಸಾಹಸ, ಅಂದರೆ ಈ ಆಟಕ್ಕೆ ಅಂತ ಅಚ್ಚಾದ ಸಿದ್ಧ ಕತೆ, ಇದೆ. 5ರಿಂದ 7ನೇ ಲೆವೆಲ್‌ನವರಿಗೆ ಅಂತಲೇ ಬರೆದದ್ದು. ಅದರ ವಿಲನ್ ಒಬ್ಬ ರಕ್ತಪಿಶಾಚಿ ದೊರೆ. ಆ ದೊರೆಯ ಈ ಸಲದ ಗುರಿ ಏನು ಅನ್ನುವುದನ್ನು ಇಸ್ಪೀಟೆಲೆ ಎಳೆದು ತೀರ್ಮಾನಿಸುತ್ತಾರೆ. ಎಲೆ ಬದಲಾದರೆ ಗುರಿ ಬದಲಾಗುತ್ತದೆ. ಗುರಿ ಬದಲಾದರೆ ಅದೇ ದೊರೆ ಬೇರೆಯವನಾಗುತ್ತಾನೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆಮೇಲೆ ಕಟ್ಟಿದವಳು ಕಡವಿನ ಒಡತಿ.

ಒಂದು ಅಗಲವಾದ ನದಿ. ಸೇತುವೆ ಇಲ್ಲ. ದೋಣಿ ಕಡವು ಒಂದೇ, ಅದು ಅವಳ ಕೈಯಲ್ಲಿ. ದಾಟುವವರು ಸುಂಕ ಕೊಡಬೇಕು. ಕೊಡಲಾಗದವರ ಹೆಸರು ಅವಳ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಹೆಸರು ಸೇರಿದವರನ್ನು ರಾತ್ರಿ ದೋಣಿಯಲ್ಲಿ ಹೊಳೆಯ ಮೇಲ್ಗಡೆಯ ಕೋಟೆಗೆ ಸಾಗಿಸುತ್ತಾರೆ. ಅಲ್ಲಿನ ಗಣಿಯಿಂದ ಯಾರೂ ವಾಪಸ್ ಬಂದಿಲ್ಲ. ಕೋಟೆಯ ಒಡೆಯನೇ ದೊಡ್ಡ ವಿಲನ್. ಅವಳ ತಮ್ಮ ಆ ಒಡೆಯನ ಸೆರೆಯಲ್ಲಿದ್ದಾನೆ. ಪುಸ್ತಕದ ಒಂದು ಪುಟ ತುಂಬಿದರೆ ತಮ್ಮನಿಗೆ ಇನ್ನೊಂದು ವರ್ಷ ಆಯಸ್ಸು. ನಡುಮಟ್ಟದ ವಿಲನ್‌ಗೆ ಮಾತ್ರ ಇರುವ ಬಲ ಇದು. ಮೇಲೆ ಒಬ್ಬ ಯಜಮಾನ ಇದ್ದಾನೆ, ಅವನ ಭಯ ಇದೆ. ಅವಳು ಹೆದರುವುದನ್ನು ನೋಡಿಯೇ ಆಟಗಾರರಿಗೆ ಕೋಟೆಯ ಒಡೆಯ ಎಂಥವನು ಅಂತ ಗೊತ್ತಾಗುತ್ತದೆ. ಅವನು ಇನ್ನೂ ಒಂದು ಸಲವೂ ಕಾಣಿಸಿಕೊಂಡಿರುವುದಿಲ್ಲ.

ಅವಳನ್ನು ನೇರವಾಗಿ ಕಾಳಗಕ್ಕೆ ತರಲಿಲ್ಲ. ಮೊದಲ ಸಲ ಆಟಗಾರರು ಅವಳ ಕಡವಿಗೆ ಬಂದದ್ದು ಬರೀ ನದಿ ದಾಟಲು. ಅವಳು ಮರ್ಯಾದೆಯಿಂದ ಮಾತಾಡಿದಳು. ಸುಂಕ ಎಣಿಸಿಕೊಂಡಳು, ಚಿಲ್ಲರೆ ಸರಿಯಾಗಿ ವಾಪಸ್ ಕೊಟ್ಟಳು. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಕೇಳಿದಳು. ಅವರು ಹೇಳಿಬಿಟ್ಟರು. ಎರಡನೇ ಸಲ ಅವಳು ಎದುರಿಗೆ ಬರಲೇ ಇಲ್ಲ. ಅವರು ತಲುಪಿದ ಊರಿನಲ್ಲಿ ಅರ್ಧ ಮನೆಗಳು ಖಾಲಿ. ಅವರು ಬರುವ ಸುದ್ದಿ ಅವಳಿಗೆ ಮೊದಲೇ ಗೊತ್ತಿತ್ತಲ್ವಾ, ಅದಕ್ಕೆ. ತಾವೇ ಕೊಟ್ಟ ಸುದ್ದಿ ಅಂತ ಹೊಳೆದಾಗ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಯಾವ ಹಿಟ್ ಪಾಯಿಂಟ್ ಲೆಕ್ಕಕ್ಕೂ ಆ ಮೌನ ತರಲು ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ಭೇಟಿಯಲ್ಲೇ ಆಟಗಾರರು ಕತ್ತಿ ಎಳೆದರೆ? ಎಳೆಯಲಿ. ಅವಳಿಗೆ ಏನೂ ಆಗುವುದಿಲ್ಲ ಅಂತ ನೀವು ಸುಮ್ನೆ ಘೋಷಿಸಬೇಡಿ. ಅದು ಆಟಗಾರರಿಗೆ ಮಾಡುವ ಮೋಸ. ತಪ್ಪಿಸಿಕೊಳ್ಳುವ ದಾರಿಯನ್ನು ನಿಯಮದ ಒಳಗೇ ಇಡಿ, ಒಂದಲ್ಲ, ಎರಡು. ಮಿಸ್ಟಿ ಸ್ಟೆಪ್ ಮಂತ್ರದಿಂದ ಅವಳು 30 ಅಡಿ ದೂರ ಜಿಗಿಯಬಲ್ಲಳು. ಆದರೆ 60 ಅಡಿಯೊಳಗಿನ ವಿಝರ್ಡ್ ಕೌಂಟರ್‌ಸ್ಪೆಲ್ ಹಾಕಿ ಅದನ್ನು ತಡೆಯಬಹುದು. ಹಾಗಾಗಿ ಎರಡನೆಯದು ಮಂತ್ರ ಅಲ್ಲದ್ದಿರಲಿ. ಹಗ್ಗ ಕಡಿದರೆ ಹರಿವಿಗೆ ಸಿಕ್ಕಿ ಓಡುವ ಒಂದು ದೋಣಿ. ಎರಡನ್ನೂ ಆಟಗಾರರು ತಡೆದರೆ ಅವಳು ಸತ್ತಳು, ಅಷ್ಟೇ. ಅವಳ ಪುಸ್ತಕ ಇನ್ನೊಬ್ಬರ ಕೈಗೆ ಹೋಗುತ್ತದೆ, ಕತೆ ಅಲ್ಲಿಂದ ಮುಂದುವರಿಯುತ್ತದೆ.

ಮೂರನೇ ಸಲ ಕಾಳಗ. ರಾತ್ರಿ, ಕಡವಿನ ಕಟ್ಟೆ, ನಾಲ್ಕು ದೋಣಿ. ಪ್ರತಿ ದೋಣಿಯಲ್ಲೂ ಸೆರೆಯಾಳುಗಳು. ರೌಂಡ್ ಮುಗಿದ ಹಾಗೆಲ್ಲ ಒಂದು ದೋಣಿಯ ಹಗ್ಗ ಬಿಚ್ಚಿಕೊಂಡು ಹೊರಡುತ್ತದೆ. ನಾಲ್ಕನೇ ರೌಂಡಿನ ಕೊನೆಗೆ ಕಡವು ಖಾಲಿ, ಅವಳು ಗೆದ್ದ ಹಾಗೆ. ನಾಯಕರ ಮೈಮೇಲೆ ಒಂದು ಗೀರೂ ಇರದಿರಬಹುದು, ಆದರೂ ಅವಳೇ ಗೆದ್ದಳು. ಈಗ ಆ ನಾಲ್ಕು ಸರದಿಗಳು ಹಂಚಿಹೋದವು. ಒಬ್ಬ ದೋಣಿಯ ಹಿಂದೆ ಓಡಬೇಕು, ಒಬ್ಬಳು ಹಗ್ಗ ಹಿಡಿಯಬೇಕು. ಎಲ್ಲರೂ ಅವಳನ್ನೇ ಹೊಡೆಯುತ್ತಾ ನಿಂತರೆ ದೋಣಿಗಳು ಹೋಗುತ್ತವೆ. ಫೈರ್‌ಬಾಲ್ ಕೈಯಲ್ಲೇ ಇದೆ, ಆದರೆ ಎಸೆಯುವುದು ಎಲ್ಲಿಗೆ? ಎಲ್ಲಿ ನೋಡಿದರೂ ಸೆರೆಯಾಳುಗಳಿದ್ದಾರೆ.

ಅವಳ ಹಿಟ್ ಪಾಯಿಂಟ್‌ಗೆ ನಾನು ಬಳಸುವ ಲೆಕ್ಕ ಇದು. ಹಿಂದಿನ ಎರಡು ಸೆಷನ್‌ನಲ್ಲಿ ನಾಲ್ವರೂ ಸೇರಿ ರೌಂಡಿಗೆ ಎಷ್ಟು ಹಾನಿ ಮಾಡಿದರು ಅಂತ ಬರೆದಿಟ್ಟುಕೊಳ್ಳಿ. ಸರಾಸರಿಯನ್ನು ಮೂರರಿಂದ ಗುಣಿಸಿ. ನನ್ನ ಗುಂಪಿಗೆ 30 ಬಂತು, ಅವಳಿಗೆ 90 ಇಟ್ಟೆ. ಸರದಿಯ ವಿಷಯಕ್ಕೆ ಬಂದರೆ, ದೊಡ್ಡ ರಾಕ್ಷಸರಿಗೆ ಲೆಜೆಂಡರಿ ಆಕ್ಷನ್ ಅಂತ ಇರುತ್ತದೆ. ಬೇರೆಯವರ ಸರದಿ ಮುಗಿದ ತಕ್ಷಣ ಅವರು ಒಂದು ಕೆಲಸ ಮಾಡಬಹುದು. ಸಾಮಾನ್ಯವಾಗಿ ರೌಂಡಿಗೆ ಮೂರು. ಇವಳಿಗೆ ಒಂದೇ ಕೊಟ್ಟೆ, ಅದೂ ಏಟು ಅಲ್ಲ. ಅಂಬಿಗನೊಬ್ಬನಿಗೆ ಒಂದು ಆಜ್ಞೆ. ಅವಳು ಬೆರಳು ತೋರಿಸಿದ ಕಡೆಗೆ ಅವನು ಹುಟ್ಟು ಬೀಸುತ್ತಾನೆ.

ಇನ್ನು ಹೋಲ್ಡ್ ಪರ್ಸನ್. ಎಷ್ಟೋ ನಡುಮಟ್ಟದ ವಿಲನ್‌ಗಳ ಕತೆ ಮುಗಿಯುವುದು ಈ ಒಂದು ಮಂತ್ರದಿಂದ. ವಿಸ್ಡಮ್ ಸೇವಿಂಗ್ ಥ್ರೋ, ಅಂದರೆ ಮಂತ್ರದಿಂದ ಪಾರಾಗಲು ಉರುಳಿಸುವ ಡೈಸ್, ತಪ್ಪಿದರೆ ಅವಳು ಕಲ್ಲಿನ ಹಾಗೆ ನಿಲ್ಲುತ್ತಾಳೆ. ಹತ್ತಿರದಿಂದ ತಗುಲಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಹಾನಿಯ ಡೈಸ್ ಎರಡರಷ್ಟು. ದೊಡ್ಡ ರಾಕ್ಷಸರಿಗೆ ಇದಕ್ಕೂ ಒಂದು ಗುರಾಣಿ ಇದೆ, ಲೆಜೆಂಡರಿ ರೆಸಿಸ್ಟೆನ್ಸ್. ಸೇವಿಂಗ್ ಥ್ರೋ ಸೋತರೂ ಗೆದ್ದೆ ಅನ್ನಬಹುದು. ನನಗೆ ಇದು ಹಾಗೇ ಬಳಸಲು ಇಷ್ಟವಿಲ್ಲ. ಆಟಗಾರ್ತಿ ಒಂದು ಒಳ್ಳೆಯ ಮಂತ್ರ ಖರ್ಚು ಮಾಡಿದ್ದಾಳೆ, ನೀವು ಇಲ್ಲ ಅಂದುಬಿಟ್ಟರೆ ಅವಳಿಗೆ ಸಿಕ್ಕಿದ್ದೇನು? ಹಾಗಾಗಿ ಬೆಲೆ ಇಟ್ಟೆ. ಒಡತಿ ಮಂತ್ರವನ್ನು ಕೊಡವಿಕೊಂಡಾಗ ಅವಳ ಸೊಂಟದ ಪುಸ್ತಕದಲ್ಲಿ ಒಂದು ಪುಟ ಉರಿದು ಕಪ್ಪಾಗುತ್ತದೆ. ಎಲ್ಲರಿಗೂ ಕಾಣುತ್ತದೆ. ಅವಳ ಮುಖ ಬಿಳಿಚಿಕೊಳ್ಳುತ್ತದೆ. ಒಂದು ಪುಟ ಅಂದರೆ ತಮ್ಮನ ಒಂದು ವರ್ಷ. ಹೀಗೆ ಮೂರು ಸಲ ಮಾತ್ರ.

ಎರಡನೇ ಪುಟ ಉರಿದಾಗ ನಮ್ಮ ಕ್ಲೆರಿಕ್ ಮಂತ್ರ ಹಾಕುವುದನ್ನು ನಿಲ್ಲಿಸಿದಳು. ಪುಸ್ತಕ ಉರಿದರೆ ಇವಳು ಯಾಕೆ ಅಳುತ್ತಿದ್ದಾಳೆ ಅಂತ ಕೇಳಿದಳು. ನಾನು ಒಡತಿಯ ದನಿಯಲ್ಲಿ ಉತ್ತರ ಕೊಡಲಿಲ್ಲ, ಮೂರನೇ ದೋಣಿಯ ಹಗ್ಗ ಬಿಚ್ಚಿಸಿದೆ.

ಎರಡು ದೋಣಿ ಉಳಿಸಿಕೊಂಡರು, ಎರಡು ಹೋದವು. ಕೊನೆಯ ಏಟು ಫೈಟರ್‌ದು. ಹತ್ತಿರದಿಂದ ಹೊಡೆದು ಬೀಳಿಸುವವರು ಕೊಲ್ಲುವ ಬದಲು ಪ್ರಜ್ಞೆ ತಪ್ಪಿಸಬಹುದು ಅಂತ ನಿಯಮ ಇದೆ. ಅವಳು ಅದನ್ನೇ ಆರಿಸಿಕೊಂಡಳು. ಆಮೇಲೆ ಮುಕ್ಕಾಲು ಗಂಟೆ ನಾಲ್ವರೂ ವಾದ ಮಾಡಿದರು. ಊರಿನವರ ಕೈಗೆ ಒಪ್ಪಿಸಬೇಕು ಅಂತ ಕಳ್ಳ. ಖಾಲಿ ಮನೆಗಳನ್ನು ಮರೆತಿರಾ ಅಂತ ವಿಝರ್ಡ್. ಒಂದು ಡೈಸ್ ಕೂಡ ಉರುಳಲಿಲ್ಲ.

ಒಡತಿಗೆ ಎಚ್ಚರ ಆದಾಗ ಕ್ಲೆರಿಕ್ ಅವಳ ಮುಂದೆ ಕೂತು ಕೇಳಿದಳು, ನಿನ್ನ ತಮ್ಮನ ಹೆಸರೇನು? ನಾನು ಅವನಿಗೆ ಹೆಸರು ಇಟ್ಟಿರಲಿಲ್ಲ. ಆ ಕ್ಷಣಕ್ಕೆ ಹೊಳೆದದ್ದು ಹೇಳಿದೆ. ನಾಲ್ವರೂ ತಮ್ಮ ತಮ್ಮ ಹಾಳೆಯ ಮೇಲೆ ಅದನ್ನು ಬರೆದುಕೊಂಡರು. ಮುಂದಿನ ನಾಲ್ಕು ತಿಂಗಳ ಆಟ ಆ ಹುಡುಗನನ್ನು ಹುಡುಕಿಕೊಂಡು ಕೋಟೆಯ ಒಳಗೆ ನಡೆಯಿತು. ಅಲ್ಲಿಯವರೆಗೆ ದೋಣಿ ನಡೆಸಿದವಳು ಅವಳೇ.

ನಮಸ್ಕಾರ.