ಗಂಟೆ ಹೊಡೆದಾಗ ಊಟ: ಲೋವೆಲ್ ಗಿರಣಿಗಳ ಬೋರ್ಡಿಂಗ್ ಮನೆಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಮೆರಿಮ್ಯಾಕ್ ನದಿಯ ದಂಡೆಯ ಮೇಲೆ ಲೋವೆಲ್ ಎಂಬ ಊರಿದೆ. ಅಲ್ಲಿನ ಪಟಕೆಟ್ ಜಲಪಾತದಲ್ಲಿ ನದಿ ಸುಮಾರು 30 ಅಡಿ ಕೆಳಕ್ಕಿಳಿಯುತ್ತದೆ. ಆ ನೀರಿನ ಬಲ ನಂಬಿ ಬಾಸ್ಟನ್ನಿನ ವ್ಯಾಪಾರಿಗಳು 1822ರಲ್ಲಿ ಮೆರಿಮ್ಯಾಕ್ ಕಂಪನಿ ಸ್ಥಾಪಿಸಿದರು. ಮರುವರ್ಷವೇ ಬಟ್ಟೆ ಹೊರಬಂತು. ನೀರೇನೋ ಇತ್ತು, ಮಗ್ಗಗಳೂ ಬಂದವು. ಕೈಗಳದ್ದೇ ಕೊರತೆ. ಸುತ್ತಲೂ ಬೇಸಾಯದ ಹಳ್ಳಿಗಳು, ಗಂಡಸರಿಗೆ ಹೊಲದ ಕೆಲಸ. ಕಂಪನಿಯ ಕಣ್ಣು ಬಿದ್ದದ್ದು ರೈತರ ಹೆಣ್ಣುಮಕ್ಕಳ ಮೇಲೆ.

ಮದುವೆಯಾಗದ ಮಗಳನ್ನು ಕಾಣದ ಊರಿಗೆ ಯಾವ ತಂದೆ ಸುಮ್ಮನೆ ಕಳಿಸುತ್ತಾನೆ? ಅದಕ್ಕೇ ಗಿರಣಿಯ ಜೊತೆಜೊತೆಗೆ ಬೋರ್ಡಿಂಗ್ ಮನೆಗಳೂ, ಅಂದರೆ ಕೆಲಸಗಾರರಿಗೆ ಊಟ-ವಸತಿ ಕೊಡುವ ಮನೆಗಳೂ, ಎದ್ದವು. ಈ ಪದ್ಧತಿಯನ್ನು ಮೊದಲು ಅದೇ ರಾಜ್ಯದ ವಾಲ್ಥಮ್ ಊರಿನಲ್ಲಿ ನಡೆಸಿ ನೋಡಿದ್ದರು. ಅದರ ಹಿಂದಿದ್ದವರು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್. ಅವರು 1817ರಲ್ಲೇ ತೀರಿಕೊಂಡರು, ಊರಿಗೆ ಅವರ ಹೆಸರು ಉಳಿಯಿತು.

ಮನೆ ಹೇಗಿತ್ತು ಎಂದು ನೋಡೋಣ. 1835ರಲ್ಲಿ ಆರಂಭವಾದ ಬೂಟ್ ಗಿರಣಿಯದನ್ನೇ ತೆಗೆದುಕೊಳ್ಳಿ. ಇಟ್ಟಿಗೆಯ ಉದ್ದನೆಯ ಸಾಲು ಕಟ್ಟಡಗಳು, ಒಟ್ಟು ಎಂಟು. ಸಾಲಿನ ಎರಡು ತುದಿಗೂ ಮೇಸ್ತ್ರಿಗಳ, ನುರಿತ ಕೆಲಸಗಾರರ ಸಂಸಾರ, ನಡುವೆ ಬೋರ್ಡಿಂಗ್. ಕೆಳಗೆ ಊಟದ ಕೋಣೆ, ಹಿಂದೆ ಅಡುಗೆಮನೆ, ಮನೆ ನಡೆಸುವಾಕೆಯ ಕೋಣೆ. ಮೇಲೆ ಮಲಗುವ ಕೋಣೆಗಳು. ಒಂದು ಕೋಣೆಗೆ ನಾಲ್ಕರಿಂದ ಎಂಟು ಜನ, ಒಂದು ಮಂಚಕ್ಕೆ ಇಬ್ಬರು. ಪೆಟ್ಟಿಗೆ ಇಟ್ಟ ಮೇಲೆ ಕಾಲಿಡಲು ಜಾಗ ಹುಡುಕಬೇಕು. ಚಳಿಗಾಲದಲ್ಲಿ ಕಿಟಕಿ ಮುಚ್ಚಿದರೆ ಗಾಳಿಯೂ ಇಲ್ಲ. ಒಬ್ಬಳಿಗೆ ಜ್ವರ ಬಂದರೆ ಪಕ್ಕದವಳಿಗೆ ತಪ್ಪುತ್ತಿರಲಿಲ್ಲ.

ಮನೆ ನಡೆಸುವಾಕೆ ಸಾಮಾನ್ಯವಾಗಿ ವಿಧವೆ. ಮನೆ ಕಂಪನಿಯದು, ಬಾಡಿಗೆ ಕಟ್ಟುವವಳು ಅವಳು. 1830ರ ದಶಕದಲ್ಲಿ ಹುಡುಗಿಯರ ವಾರದ ಸಂಬಳ 3 ಡಾಲರಿನ ಆಸುಪಾಸು. ಅದರಲ್ಲಿ ಊಟ-ವಸತಿಗೆಂದು 1 ಡಾಲರ್ 25 ಸೆಂಟನ್ನು ಕಂಪನಿಯೇ ಮುರಿದುಕೊಂಡು ಮನೆಯಾಕೆಗೆ ಸಲ್ಲಿಸುತ್ತಿತ್ತು. ಈಗ ಲೆಕ್ಕ ಹಾಕಿ. ಮನೆಯಲ್ಲಿ 25 ಜನ ಇದ್ದರೆ ವಾರಕ್ಕೆ 31 ಡಾಲರ್ 25 ಸೆಂಟು ಕೈಗೆ ಬಂತು. ದಿನಕ್ಕೆ ಮೂರು ಹೊತ್ತಿನಂತೆ ವಾರಕ್ಕೆ 525 ಊಟ. ಒಂದು ಊಟಕ್ಕೆ ಆರು ಸೆಂಟೂ ಪೂರ್ತಿ ಬೀಳುವುದಿಲ್ಲ. ಅದರಲ್ಲೇ ಬಾಡಿಗೆ, ಸೌದೆ, ದೀಪದ ಎಣ್ಣೆ, ಅಡುಗೆ ಆಳಿನ ಕೂಲಿ ಎಲ್ಲವೂ ಏಳಬೇಕು. ಹಿಟ್ಟಿನ ಬೆಲೆ ಏರಿದರೂ ಅವಳಿಗೆ ಬರುವ ದುಡ್ಡು ಏರುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ.

ಊಟದ ಹೊತ್ತು ಇನ್ನೊಂದು ಪೇಚು. ವಾರಕ್ಕೆ ಸರಾಸರಿ 73 ಗಂಟೆ ಕೆಲಸ. ನಡುವೆ ಊಟಕ್ಕೆ ಬಿಡುತ್ತಿದ್ದುದು 30ರಿಂದ 45 ನಿಮಿಷ, ಹೋಗಿ ಬರುವ ಹೊತ್ತೂ ಸೇರಿ. ಮನೆಗಳನ್ನು ಗಿರಣಿಯ ಬಾಗಿಲಿಗೇ ಅಂಟಿಸಿದಂತೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣ. ಗಂಟೆ ಹೊಡೆದರೆ ಇಡೀ ಮನೆ ಒಟ್ಟಿಗೇ ಊಟಕ್ಕೆ ಕೂರುತ್ತದೆ, ಸರದಿಯ ಮೇಲೆ ಬಡಿಸಲು ಪುರುಸೊತ್ತಿಲ್ಲ. ಮಾಂಸ, ಆಲೂಗೆಡ್ಡೆ, ಬ್ರೆಡ್ಡು ಮೊದಲೇ ಮೇಜಿನ ಮೇಲಿರಬೇಕು. ಅಗಿಯುವುದಕ್ಕಿಂತ ನುಂಗುವುದೇ ಹೆಚ್ಚಾಗುತ್ತಿತ್ತು.

ಇನ್ನು ನಿಯಮಗಳು. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿಗಳು ಕೂಡದು. ಕಂಪನಿಯ ಕೆಲಸಗಾರರನ್ನು ಬಿಟ್ಟು ಬೇರೆಯವರನ್ನು ಇಟ್ಟುಕೊಳ್ಳುವಂತಿಲ್ಲ. ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಸುವುದು ಮನೆಯಾಕೆಯ ಹೊಣೆ. ಸಿಡುಬಿಗೆ ದೇವಿ ಹಾಕಿಸಿಕೊಳ್ಳದವರಿಗೆ ಕಂಪನಿಯ ಖರ್ಚಿನಲ್ಲೇ ಹಾಕಿಸುತ್ತಿದ್ದರು, ಇದು ಒಳ್ಳೆಯದೇ. ಆದರೆ ಯಾರು ಚರ್ಚಿಗೆ ತಪ್ಪದೆ ಹೋಗುವುದಿಲ್ಲ, ಯಾರ ನಡತೆ ಸರಿಯಿಲ್ಲ ಎಂದು ಹೆಸರು ಬರೆದು ಕೊಡುವುದೂ ಅವಳ ಕೆಲಸವಾಗಿತ್ತು. ಅನ್ನ ಹಾಕುವವಳೇ ಕಾವಲುಗಾತಿ.

ಕಾವಲಿಗೆಂದು ಕಟ್ಟಿದ ಮನೆಯೇ ಕಂಪನಿಗೆ ತಿರುಗಿಬಿತ್ತು. ಒಂದೇ ಮೇಜಿನಲ್ಲಿ ಉಂಡು ಒಂದೇ ಮಂಚದಲ್ಲಿ ಮಲಗುವವರ ನಡುವೆ ಸುದ್ದಿ ಹರಡಲು ಸಭೆ ಬೇಡ, ಕರಪತ್ರ ಬೇಡ. 1834ರ ಫೆಬ್ರವರಿಯಲ್ಲಿ ಸಂಬಳ ಕಡಿತ ಎಂದಾಗ ಸುಮಾರು 800 ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಆ ಸಲ ಸೋತರು. 1836ರಲ್ಲಿ ದಿನಸಿ ತುಟ್ಟಿಯಾಗಿ ಮನೆ ನಡೆಸುವವರು ನಷ್ಟಕ್ಕೆ ಬಿದ್ದಾಗ, ಕಂಪನಿಗಳು ಆ ಹೊರೆಯನ್ನು ಹುಡುಗಿಯರ ಸಂಬಳದ ಮೇಲೆ ಹಾಕಲು ಹೊರಟವು. ಅಕ್ಟೋಬರಿನಲ್ಲಿ 1,500ಕ್ಕೂ ಹೆಚ್ಚು ಜನ ಬೀದಿಗಿಳಿದರು. ಅವರಲ್ಲಿ 11 ವರ್ಷದ ಹ್ಯಾರಿಯೆಟ್ ಹ್ಯಾನ್ಸನ್ ಒಬ್ಬಳು. ಮುಂದೆ ಅವಳೇ ತನ್ನ ನೆನಪುಗಳಲ್ಲಿ ದಾಖಲಿಸಿರುವಂತೆ, ಅವಳ ವಿಧವೆ ತಾಯಿ ನಡೆಸುತ್ತಿದ್ದ ಬೋರ್ಡಿಂಗ್ ಮನೆಯನ್ನು ಕಂಪನಿ ಕಿತ್ತುಕೊಂಡಿತು. ದೊಡ್ಡ ಹುಡುಗಿಯರನ್ನು ತಡೆಯಲು ನಿನಗಾಗದಿರಬಹುದು, ನಿನ್ನ ಮಗಳನ್ನು ತಡೆಯಬಹುದಿತ್ತಲ್ಲ ಎಂಬುದು ಕಂಪನಿಯ ಏಜೆಂಟನ ವಾದ.

1840ರ ಹೊತ್ತಿಗೆ ಲೋವೆಲ್ ಗಿರಣಿಗಳಲ್ಲಿ ಸುಮಾರು 8,000 ಜನ, ಬಹುಪಾಲು ಹೆಂಗಸರು. ಆಮೇಲೆ ಐರ್ಲೆಂಡಿನಿಂದ, ಮುಂದೆ ಫ್ರೆಂಚ್ ಕೆನಡಾದಿಂದ ಸಂಸಾರ ಸಮೇತ ಜನ ಬರತೊಡಗಿದರು. ಅವರು ಬೇರೆ ಬಾಡಿಗೆ ಮನೆ ಹಿಡಿದರು. ರೈತನ ಮಗಳನ್ನು ಒಲಿಸಬೇಕಾದ ಅಗತ್ಯ ತೀರಿದ ಮೇಲೆ ಬೋರ್ಡಿಂಗ್ ಮನೆಗೆ ದುಡ್ಡು ಸುರಿಯಲು ಕಂಪನಿಗಳಿಗೂ ಕಾರಣ ಉಳಿಯಲಿಲ್ಲ.

1978ರಲ್ಲಿ ಲೋವೆಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಬೂಟ್ ಗಿರಣಿಯ ಒಂದು ಬೋರ್ಡಿಂಗ್ ಕಟ್ಟಡ ಈಗ ಪ್ರದರ್ಶನಾಲಯ. 1980ರ ದಶಕದಲ್ಲಿ ಪುರಾತತ್ವಜ್ಞರಾದ ಮೇರಿ ಬೋಡ್ರಿ, ಸ್ಟೀಫನ್ ಮ್ರೊಜೊವ್‌ಸ್ಕಿ ಮತ್ತವರ ತಂಡದವರು ಈ ಮನೆಗಳ ಹಿತ್ತಲು ಅಗೆದಾಗ ಅಗ್ಗದ ಬಿಳಿ ಪಿಂಗಾಣಿ ತಟ್ಟೆಗಳ ಚೂರು, ಬಾಚಣಿಗೆ, ಔಷಧದ ಸೀಸೆಗಳು ಸಿಕ್ಕವು. ಅವುಗಳ ಜೊತೆ, ಕಂಪನಿಯ ಅಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ, ಮದ್ಯದ ಬಾಟಲಿಗಳೂ ಇದ್ದವು.