ಬೇಳೆ ಬೇಯದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಬೀದರ್‌ನ ನೌಬಾದ್ ಕಡೆಯ ಒಂದು ಓಣಿ. ಮಟಮಟ ಮಧ್ಯಾಹ್ನ. ಸರ್ವೆ ಫಾರಂ ಹಿಡಿದು ಒಂದು ಮನೆ ಮುಂದೆ ನಿಂತಿದ್ದೆ. ನೀರು ಹೇಗಿದೆ ಎಂಬ ಪ್ರಶ್ನೆಗೆ ಮೂರೇ ಉತ್ತರ: ಉತ್ತಮ, ಸಾಧಾರಣ, ಕಳಪೆ. ಅಜ್ಜಿ ನನ್ನ ಮುಖ ನೋಡಿ, ‘ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲಪ್ಪಾ. ಬಾವಿ ನೀರಾಗ ಬೇಯ್ತಿತ್ತು’ ಅಂದರು. ಅದನ್ನು ಬರೆಯೋಕೆ ಫಾರಂನಲ್ಲಿ ಜಾಗ ಇರಲಿಲ್ಲ. ‘ಸಾಧಾರಣ’ಕ್ಕೆ ಟಿಕ್ ಹಾಕಿ ಮುಂದಿನ ಮನೆಗೆ ಹೋದೆ.

ಎಂಥ ತಪ್ಪು ಮಾಡಿದೆ ಅಂತ ಆಮೇಲೆ ಗೊತ್ತಾಯಿತು. ಬೀದರ್ ಊರು ಕೂತಿರುವುದು ಕೆಂಪು ಕಲ್ಲಿನ ಮೇಲೆ. ಲ್ಯಾಟರೈಟ್ ಅಂತಾರಲ್ಲ, ಅದೇ. ತೂತು ತೂತು ಕಲ್ಲು, ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗೆ ಜೇಡಿ, ಇನ್ನೂ ಕೆಳಗೆ ಕಪ್ಪು ಕಲ್ಲು. ಜೇಡಿ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಅದು ಪಕ್ಕಕ್ಕೆ ಹರಿದು, ದಿನ್ನೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರುದ್ವಾರದ ನಾನಕ್ ಝೀರಾ, ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡುವ ಝರಣಿ ನರಸಿಂಹ, ಎರಡೂ ಕಡೆ ಇಂಥದೇ ಒರತೆ. ಕೆಂಪು ಕಲ್ಲಿನ ನೀರು ಸಾಮಾನ್ಯವಾಗಿ ಮೆದು. ಕಪ್ಪು ಕಲ್ಲಿನೊಳಗಿನ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ಸುಣ್ಣ ಜಾಸ್ತಿಯಾದರೆ ತೊಗರಿ ಬೇಳೆ ಬೇಗ ಬೇಯಲ್ಲ, ಸಾಬೂನು ನೊರೆ ಬಿಡಲ್ಲ. ಬೋರು ಯಾವ ಕಲ್ಲಿಗೆ ಇಳಿದಿದೆ ಎಂಬುದನ್ನು ಅಜ್ಜಿ ತಮ್ಮ ಒಲೆಯ ಮೇಲೇ ಕಂಡುಕೊಂಡಿದ್ದರು.

ಇದೇ ನೆಲವನ್ನು ಓದಿಕೊಂಡವರು ಹಿಂದೆ ನೌಬಾದ್‌ನಲ್ಲಿ ಕರೇಜ್ ತೋಡಿದರು. ಜನ ಸುರಂಗ ಬಾವಿ ಅಂತಾರೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದ್ದು, ಪರ್ಷಿಯಾದಿಂದ ಬಂದ ವಿದ್ಯೆ. ನೀರಿನ ಮೂಲವಾದ ತಾಯಿ ಬಾವಿಯಿಂದ ನೆಲದೊಳಗೇ ಸ್ವಲ್ಪ ಇಳಿಜಾರಾದ ಸುರಂಗ, ಎರಡು ಕಿಲೋಮೀಟರಿಗೂ ಉದ್ದ. ನಡುನಡುವೆ ಗಾಳಿ ಬೆಳಕಿಗೆ, ಹೂಳು ಎತ್ತಲಿಕ್ಕೆ 21 ಕಿಂಡಿ ಬಾವಿ. ಪಂಪಿಲ್ಲ, ಕರೆಂಟಿಲ್ಲ. ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಬಂದು ಇದರ ನಕ್ಷೆ ಮಾಡಿದರು. ಊರಿನ ಯುವಕರೂ ಕೈಜೋಡಿಸಿದರು. ಹಾಗೆ ಕೂಡಿ ಮಾಡಿದ್ದಕ್ಕೇ ಸುಮಾರು ವಿಷಯ ಹೊರಬಂತು.

ಆದರೆ ‘ಜನರನ್ನು ಕೇಳಿದೆವು’ ಅಂದಾಗ ಯಾವ ಜನ ಅಂತ ಕೇಳಬೇಕು. ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿಗೆ ಹೋದವರು ಬರ್ತಾರಾ? ಬಂದರೆ ಆ ದಿನದ ಕೂಲಿ ಹೋಯಿತು, ಅದನ್ನು ಯಾರು ಕೊಡ್ತಾರೆ? ಈ ಜಿಲ್ಲೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ಲಂಬಾಣಿ, ತೆಲುಗು ಎಲ್ಲ ಇವೆ. ಒಂದೇ ಭಾಷೆಯ ಫಾರಂ ಹಿಡಿದು ಓಡಾಡಿದರೆ ಅರ್ಧ ಊರು ಮೂಕ. ಇನ್ನೊಂದು ಮಾತು, ಹೇಳಲು ಮುಜುಗರವೇ. ಎಲ್ಲರೂ ಎಲ್ಲ ಬಾವಿಗೂ ಹೋಗುವ ಹಾಗಿರಲಿಲ್ಲ. ಒಂದೇ ಓಣಿಯಲ್ಲಿ ಕೇಳಿದರೆ ಒಂದೇ ಬಾವಿಯ ಕಥೆ ಸಿಗುತ್ತದೆ. ಬೇರೆಯವರು ಕುಡಿದ ಹಳ್ಳ, ಹೊಂಡ ನಕ್ಷೆಗೆ ಬರುವುದೇ ಇಲ್ಲ.

ಕಾನೂನಿಗೆ ಇದು ಗೊತ್ತಿದೆ. 2004ರ ಜೀವವೈವಿಧ್ಯ ನಿಯಮಗಳು ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಶೇ 18ರಷ್ಟು ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು ಅಂದವು. ಹೆಸರು ಸೇರಿಸುವುದೇನು, ಒಂದು ನಿಮಿಷದ ಕೆಲಸ. ಹೂಳು ಎಲ್ಲಿಂದ ತೆಗೀಬೇಕು, ಬೇಲಿ ಎಲ್ಲಿಗೆ ಹಾಕಬೇಕು ಎಂಬ ಮಾತಿನಲ್ಲಿ ಅವರಿದ್ದಾರಾ, ನೋಡಬೇಕಾದ್ದು ಅದನ್ನು. ಕೆರೆ ಚೆಂದ ಮಾಡಿ ಬೇಲಿ ಹಾಕಿದರೆ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು ಎಲ್ಲಿಗೆ ಹೋಗಬೇಕು, ಅಲ್ವಾ?

ಮೊನ್ನೆ ಅದೇ ಓಣಿಗೆ ಮತ್ತೆ ಹೋದೆ, ಈ ಸಲ ಬೆಳಿಗ್ಗೆ ಆರಕ್ಕೆ, ಫಾರಂ ಇಲ್ಲದೆ. ಅಜ್ಜಿ ಗುರುತು ಹಿಡಿದರು. ‘ಬರಕೊಂಡು ಹೋದ್ಯಲ್ಲಪ್ಪಾ, ಅದೇನಾತು?’ ಅಂತ ಕೇಳಿದರು. ವರದಿ ಇಂಗ್ಲಿಷಿನಲ್ಲಿತ್ತು. ಕಟ್ಟೆಯ ಮೇಲೆ ಕೂತು, ನನಗೆ ಬಂದ ಹಾಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡನೇ ಪುಟದಲ್ಲೇ ಅವರು ತಡೆದರು. ‘ಆ ಬಾವಿ ಬತ್ತಿದ್ದು ಆವಾಗಲ್ಲ’ ಅಂದರು.